ಆಂಜೆಲಾಬಾಯಿಯ ಲಿಂಬೆ ಭರಣಿ

ಇದು ನಡೆದ ಕತೆ. ನಂಬದವರು ನಂಬಬೇಕಾಗಿಲ್ಲ, ಲಿಯೋನೆಲ್ ಕೂಡ ನಂಬಿರಲಿಲ್ಲ.

ಅರುವತ್ತೊಂದನೆಯ ಇಸವಿಯ ಮೇ ತಿಂಗಳು. ಮದುವೆಯಾದ ಮೇಲೆ ಮೊದಲ ಸಲ ಕಾಪುವಿನ ಮಾವನ ಮನೆಗೆ ಬಂದ ಲಿಯೋನೆಲ್, ಗಂಜಿಯ ಬಟ್ಟಲಿನ ಮುಂದೆ ಕುಳಿತು, "ಮಾಯ್, ಒಂದು ಚೂರು ಉಪ್ಪಿನಕಾಯಿ ಉಂಟಾ?" ಎಂದು ಕೇಳಿದ. ಕೇಳಿದ್ದು ಅಷ್ಟೇ. ಅತ್ತೆ ಬರ್ತಾಬಾಯಿಯ ಕೈಯ ಸೌಟು ಜಾರಿ ಪಾತ್ರೆಯೊಳಗೆ ಮುಳುಗಿತು. ಮಾವ ಮ್ಯಾಕ್ಸಿಮ್ ತಲೆ ಎತ್ತಲಿಲ್ಲ. ಗಂಜಿಯ ಬಟ್ಟಲನ್ನು ದೂರ ಸರಿಸಿದರು.

"ಈ ಮನೆಯಲ್ಲಿ ಅದರ ಹೆಸರು ಎತ್ತಬಾರದು ಲಿಯೋನೆಲ್‌ಬಾಬ್," ಎಂದಳು ಬರ್ತಾಬಾಯಿ. "ಚಟ್ನಿ ಉಂಟು. ಒಣಮೀನು ಸುಟ್ಟು ಕೊಡ್ತೇನೆ. ಅದೊಂದು ಕೇಳಬೇಡಿ."

ಗಂಜಿ ಉಂಟು, ಉಪ್ಪಿನಕಾಯಿ ಇಲ್ಲ! ಕರಾವಳಿಯಲ್ಲಿ ಇಂಥದೊಂದು ಮನೆ ಇರುವುದನ್ನು ಪೊಲೀಸರಿಗೆ ತಿಳಿಸಬೇಕು ಎಂದುಕೊಂಡ ಲಿಯೋನೆಲ್. ಮುಂಬಯಿಯಲ್ಲಿ ಬೆಳೆದ ಹುಡುಗ. ಅಣಕದಲ್ಲಿ ಎತ್ತಿದ ಕೈ. ಒಮ್ಮೆ ಕೇಳಿದ ದನಿ ಅವನ ಗಂಟಲಲ್ಲಿ ಮನೆ ಮಾಡಿಕೊಳ್ಳುತ್ತಿತ್ತು. ಬರುವ ತಿಂಗಳಿನಿಂದ ರೇಡಿಯೋ ನಾಟಕಗಳಿಗೆ ದನಿ ಕೊಡುವ ಕೆಲಸವೂ ಸಿಕ್ಕಿತ್ತು. ದನಿಯೇ ಅವನ ಅನ್ನ. ಅದೇ ದನಿಯಿಂದ ಅವನು ಪ್ರೆಸಿಲ್ಲಾಳನ್ನು ನಗಿಸಿ ನಗಿಸಿ ಮದುವೆಗೆ ಒಪ್ಪಿಸಿದ್ದ.

ಊಟದ ಮೇಲೆ ಪ್ರೆಸಿಲ್ಲಾ ಕೋಣೆಯ ಬಾಗಿಲು ಮುಚ್ಚಿ, ದನಿ ಇಳಿಸಿ ಹೇಳಿದಳು.

"ಒಳಗಿನ ಕತ್ತಲೆ ಕೋಣೆಯಲ್ಲಿ ದೊಡ್ಡಮ್ಮನ ಭರಣಿ ಉಂಟು. ಆಂಜೆಲಾಬಾಯಿ. ಅವಳ ಉಪ್ಪಿನಕಾಯಿ ಇಲ್ಲದೆ ನಮ್ಮ ಇಗರ್ಜಿಯಲ್ಲಿ ಒಂದು ಮದುವೆ ಆಗ್ತಾ ಇರಲಿಲ್ಲ. ನಲವತ್ತೆಂಟರಲ್ಲಿ ಒಂದು ರಾತ್ರಿ ದೊಡ್ಡಪ್ಪ ಜೋಕಿಮ್ ಹೊಟ್ಟೆ ಹಿಡಿದುಕೊಂಡು ಸತ್ತುಹೋದರು. ಬಾಯಲ್ಲಿ ಲಿಂಬೆಯ ಚೂರು ಇತ್ತು. ಅವಳೇ ವಿಷ ಹಾಕಿದ್ದು, ನಾನೇ ಕಂಡದ್ದು ಅಂತ ಪಪ್ಪ ಎಲ್ಲರ ಎದುರು ಹೇಳಿದರು."

"ನಿನ್ನ ಪಪ್ಪ ಹೇಳಿದರೆ ಮುಗಿಯಿತು, ಅಲ್ವಾ?" ಬಂದು ಎರಡೇ ದಿನಕ್ಕೆ ಲಿಯೋನೆಲ್‌ಗೆ ಮಾವನ ಮೇಲೆ ಸಿಟ್ಟು ಕಟ್ಟಿತ್ತು. ಆತ ಯಾರ ಮಾತನ್ನೂ ಮುಗಿಯಲು ಬಿಡುತ್ತಿರಲಿಲ್ಲ. ಮೇಜು ಕುಟ್ಟಿ, ಎದುರಿನವರ ಬಾಯಿಂದಲೇ ಮಾತು ಕಿತ್ತುಕೊಳ್ಳುತ್ತಿದ್ದ.

"ತಮಾಷೆ ಬೇಡ. ಗಂಡನ ಶವಪೆಟ್ಟಿಗೆ ಮುಚ್ಚುವಾಗ ಕರಿಮಣಿ ತೆಗೆದು ಒಳಗೆ ಇಡಬೇಕಲ್ಲ, ಅವಳು ಕೊಡಲಿಲ್ಲ. ಅದನ್ನು ಭರಣಿಯ ಕುತ್ತಿಗೆಗೆ ಕಟ್ಟಿದಳು. ಕಾರ್ಕಳದ ಕಡೆಯ ಯಾರೋ ಮಂತ್ರವಾದಿಯಿಂದ ಉಪ್ಪು ಮಂತ್ರಿಸಿ ತಂದು ಒಳಗೆ ಸುರಿದಳು. ನಾನು ಬಾಗಿಲ ಹಿಂದೆ ಇದ್ದೆ. 'ನನ್ನ ಉಪ್ಪಿನಲ್ಲಿ ವಿಷ ಉಂಟೆಂದ ನಾಲಗೆ, ತಾನು ಹೇಳಿದ್ದು ಸುಳ್ಳು ಅಂತ ನಾಲ್ಕು ಜನರ ಎದುರು ಹೇಳಬೇಕು. ಅಲ್ಲಿಯವರೆಗೆ ಇದರ ರುಚಿ ನೋಡಿದವರ ನಾಲಗೆ ನನ್ನದು' ಅಂದಳು. ಬರಿಗಾಲಲ್ಲಿ ತವರಿಗೆ ಹೋದಳು. ಆ ಮಳೆಗಾಲ ದಾಟಲಿಲ್ಲ."

"ಭರಣಿ ಎಸೆಯಲಿಕ್ಕೆ ಎಂತ ಕಷ್ಟ?"

"ಎತ್ತಲು ಹೋದ ಆಳು ಬೆರಳು ನೆಕ್ಕಿದನಂತೆ. ಹೆಂಗಸಿನ ದನಿಯಲ್ಲಿ ಅಳುತ್ತಾ ಊರು ಬಿಟ್ಟ. ಆ ಮೇಲೆ ಯಾರೂ ಮುಟ್ಟಿಲ್ಲ."

ಲಿಯೋನೆಲ್ ಹಾಸಿಗೆಯ ಮೇಲೆ ಬಿದ್ದು ನಕ್ಕ. "ಸ್ವಾತಂತ್ರ್ಯ ಬಂದ ಮರುವರ್ಷದ ವಿಷ! ಪಾಪ, ಅದಕ್ಕೂ ಪಿಂಚಣಿ ಆಗುವ ಹೊತ್ತು. ಅದಿರಲಿ, ದೊಡ್ಡಮ್ಮನ ದನಿ ಹೇಗಿತ್ತು? ದಪ್ಪವಾ? ಕೀರಲಾ?"

"ಯಾಕೆ?"

"ಸಂಜೆ ಅಳಿಯನನ್ನು ನೋಡಲು ನೆರೆಯವರು ಬರ್ತಾರಲ್ಲ. ನಿನ್ನ ಪಪ್ಪನ ಮೇಜು ಕುಟ್ಟುವ ಕೈ ಒಮ್ಮೆ ನಡುಗಲಿ."

ಪ್ರೆಸಿಲ್ಲಾಳ ಮುಖ ಕೆಂಪಾಯಿತು. "ಸತ್ತವಳನ್ನು ಅಣಕಿಸಿದರೆ ನಾನು ನಿಮ್ಮ ಜೊತೆ ಮುಂಬಯಿಗೆ ಬರುವುದಿಲ್ಲ," ಎಂದು ಬಾಗಿಲು ಬಡಿದು ಹೋದಳು. ಹಾಗೆ ಹೋಗುವಾಗಲೂ, ಕೆಣಕಿದ್ದಕ್ಕೆ ಉತ್ತರವಾಗಿ ಒಂದು ಮಾತು ಬಿಟ್ಟಳು: "ಮೂಗಿನಿಂದ ಎಳೆದು ಮಾತಾಡ್ತಾ ಇದ್ದಳು. ಸಾಕಾ?"

ಸಾಕಿತ್ತು.

ಮಧ್ಯಾಹ್ನದ ಬಿಸಿಲಿಗೆ ಮನೆ ಮಲಗಿತ್ತು. ದೂರದಲ್ಲಿ ಕಡಲು ಒಂದೇ ಸಮನೆ ಗೊರಕೆ ಹೊಡೆಯುತ್ತಿತ್ತು. ಕತ್ತಲೆ ಕೋಣೆಯಲ್ಲಿ ಕೊಬ್ಬರಿಯ ಮುಗ್ಗುಲು ವಾಸನೆ, ಗೋಣಿಯ ಧೂಳು, ಬಾವಲಿಯ ಹಿಕ್ಕೆಯ ಘಾಟು. ಲಿಯೋನೆಲ್ ಬೆಂಕಿಕಡ್ಡಿ ಗೀರಿದ. ಮೂಲೆಯಲ್ಲಿ ಭರಣಿ. ಕುತ್ತಿಗೆಯಲ್ಲಿ ಕರಿಮಣಿ. ಯಾರೋ ಗೋಡೆಯ ಕಡೆ ಮುಖ ತಿರುಗಿಸಿ ಕುಳಿತ ಹಾಗಿತ್ತು.

ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ. ಮುಚ್ಚಳ ಎತ್ತಿದ.

ವಿಷದ ವಾಸನೆ ಬರಲಿಲ್ಲ. ಬಂದದ್ದು ಅಮ್ಮನ ವಾಸನೆ. ಅವನು ಮೋಟುಚಡ್ಡಿಯ ಹುಡುಗನಾಗಿದ್ದಾಗಲೇ ಕಣ್ಣು ಮುಚ್ಚಿದ ಅಮ್ಮ. ಹೊಟ್ಟೆನೋವೆಂದು ಅತ್ತರೆ ಊರಿನಿಂದ ತಂದ ಹಳೆಯ ಉಪ್ಪುಲಿಂಬೆಯ ಕಪ್ಪು ಚೂರನ್ನು ಅವನ ನಾಲಗೆಯ ಮೇಲಿಟ್ಟು, "ನುಂಗಬೇಡ, ಚೀಪು" ಎನ್ನುತ್ತಿದ್ದಳು. ಅವಳ ಮುಖ ಅವನಿಗೆ ಮರೆತುಹೋಗಿತ್ತು. ಬೆರಳಿನ ಆ ಹುಳಿ ಮರೆತಿರಲಿಲ್ಲ. ಬಾಯಲ್ಲಿ ನೀರೂರಿತು. ಕಣ್ಣಲ್ಲೂ. ಕಡ್ಡಿ ಆರಿತು. ಕತ್ತಲಲ್ಲೇ ಕೈ ಹಾಕಿ, ಡಾಂಬರಿನ ಹಾಗೆ ಮೆತ್ತಗಿದ್ದ ಒಂದು ಚೂರನ್ನು ಬಾಯಿಗಿಟ್ಟುಕೊಂಡ.

ಮೊದಲು ಉಪ್ಪು. ಆಮೇಲೆ ಹುಳಿ. ಆಮೇಲೆ ಜೇನಿನಂಥ ಒಂದು ಕಹಿ. ಎಲ್ಲ ಇಳಿದ ಮೇಲೆ ನಾಲಗೆಯ ಬುಡದಲ್ಲಿ ಉಳಿದದ್ದಕ್ಕೆ ಅಡುಗೆಮನೆಯಲ್ಲಿ ಹೆಸರಿಲ್ಲ. ಅದು ಕೋಪ.

ಹೊರಗೆ ಬಂದರೆ ಕೋಪವೂ ಜೊತೆಗೆ ಬಂತು. ಚಾವಡಿಯ ಬೆಂಚು ಕಂಡು ಸಿಟ್ಟು ಬಂತು. ಅದು ಕಿಟಕಿಯ ಬಳಿ ಇರಬೇಕಿತ್ತು. ಗೋಡೆಯ ಮೇಲಿನ ದೇವರ ಅಲ್ತಾರದ ಮುಂದಿನ ದೀಪ ಕಂಡು ಸಿಟ್ಟು ಬಂತು. ಅದು ತನ್ನ ತವರಿನದು. ತನ್ನ ತವರು? ಲಿಯೋನೆಲ್ ತಲೆ ಕೊಡವಿಕೊಂಡ. ಮುಂಬಯಿಯ ಡಬಲ್‌ರೊಟ್ಟಿಯ ಹೊಟ್ಟೆಗೆ ಹಳೆಯ ಹುಳಿ ಒಗ್ಗಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸಂಜೆ ನೆರೆಯವರು ಬಂದರು. ಪೆಟ್ರೋಮ್ಯಾಕ್ಸ್ ಸುಂಯ್ಗುಟ್ಟುತ್ತಿತ್ತು. ಇಗರ್ಜಿಯ ಹಾಡಿನ ತಂಡದ ಫೌಸ್ಟಿನ್, "ಎಲ್ಲಿ, ಅಳಿಯದೇವರ ವಿದ್ಯೆ ನೋಡುವ!" ಎಂದ. ಲಿಯೋನೆಲ್ ಎದ್ದು ನಿಂತು ಬಸ್ ಕಂಡಕ್ಟರನಾದ. "ಹಿರಿಯಡ್ಕ, ಹಿರಿಯಡ್ಕ! ಇಳಿಯುವವರು ಇಳಿಯಿರಿ, ಗೊರಕೆಯವರು ಕಾರ್ಕಳದಲ್ಲಿ ಏಳಿ!" ಚಾವಡಿ ನಕ್ಕಿತು. ಮೇಜು ಕುಟ್ಟಿ ಮಾವನಾದ. ಮಾವನೂ ಹಲ್ಲು ಕಚ್ಚಿ ನಕ್ಕರು. ಪ್ರೆಸಿಲ್ಲಾ ಬೇಡ ಬೇಡವೆಂದು ಕಣ್ಣಲ್ಲೇ ಹೆದರಿಸುತ್ತಿದ್ದಂತೆ, ಅವನು ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಸೆರಗಿನ ಹಾಗೆ ತಲೆಗೆ ಹೊದ್ದು, ಮೂಗಿನಿಂದ ಎಳೆದ.

"ಮ್ಯಾಕ್ಸಿಮಾ... ಉಂಡೆಯಾ?"

ಬರ್ತಾಬಾಯಿ ಶಿಲುಬೆಯ ಗುರುತು ಹಾಕಿಕೊಂಡಳು. "ಸಾಯ್ಬಾ ಭೊಗೊಸ್! ದೇವರೇ, ಕ್ಷಮಿಸು!" ಮಾವನ ಕೈ ಮೇಜಿನ ಮೇಲೆ ಗಡಗಡ ನಡುಗಿತು. ಆಮೇಲೆ ಫೌಸ್ಟಿನ್ ಚಪ್ಪಾಳೆ ತಟ್ಟಿದ. "ಶಾಭಾಸ್! ಆಂಜೆಲಾಬಾಯಿಯೇ ಮಾರಾಯ, ಅವಳೇ!"

ಗೆದ್ದೆ ಎಂದುಕೊಂಡ ಲಿಯೋನೆಲ್. ಬೈರಾಸು ತೆಗೆದ. 'ಮಾಂವ್, ತಮಾಷೆಗೆ' ಎನ್ನಲು ಬಾಯಿ ತೆರೆದ.

"ತಮಾಷೆಯಾ ಮ್ಯಾಕ್ಸಿಮಾ?" ಎಂದಿತು ಬಾಯಿ. "ಅಣ್ಣನ ಕೈಗೆ ಆ ಕುಪ್ಪಿ ಕೊಟ್ಟದ್ದೂ ತಮಾಷೆಯಾ?"

ಜನ ಬಿದ್ದು ಬಿದ್ದು ನಕ್ಕರು. ಲಿಯೋನೆಲ್ ನಗಲಿಲ್ಲ. ಯಾವ ಕುಪ್ಪಿ? ಅವನಿಗೆ ಗೊತ್ತಿರಲಿಲ್ಲ. ಪ್ರೆಸಿಲ್ಲಾ ಕುಪ್ಪಿಯ ಮಾತು ಹೇಳಿರಲೇ ಇಲ್ಲ. ತನ್ನ ದನಿಗಾಗಿ ಗಂಟಲೊಳಗೆ ತಡಕಾಡಿದ. ಕಂಡಕ್ಟರ್ ಇರಲಿಲ್ಲ. ಲಿಯೋನೆಲ್ ಇರಲಿಲ್ಲ. ಖಾಲಿ ಮನೆ. ನಡುವೆ ಒಬ್ಬಳೇ ನಿಂತಿದ್ದಳು.

"ಪಾನನಿರೋಧ ಬಂದ ವರ್ಷ. ಗುಡ್ಡದ ಗೇರುಮರದ ಅಡಿಯಲ್ಲಿ ಕಳ್ಳ ಸಾರಾಯಿಯ ಭಟ್ಟಿ ಇಟ್ಟದ್ದು ಯಾರು? ಸರಿಯಾಗಿದೆಯಾ ನೋಡು ಅಂತ ಮೊದಲ ಕುಪ್ಪಿಯನ್ನು ಅಣ್ಣನಿಗೆ ಕುಡಿಸಿದ್ದು ಯಾರು? ಕರುಳು ಸುಟ್ಟು ಮನೆಗೆ ಬಂದ. ಉಳಿಯಲಿ ಅಂತ ನಾನು ಲಿಂಬೆ ಚೀಪಿಸಿದೆ. ಉಳಿಯಲಿ ಅಂತ! ನೀನು ಅದನ್ನೇ ವಿಷ ಅಂದೆ. ನನ್ನ ಕೈಯ ನೀರು ಸಹ ಯಾರೂ ಮುಟ್ಟದ ಹಾಗೆ ಮಾಡಿದೆ. ಇದೇ ಚಾವಡಿಯಲ್ಲಿ ನಿಂತು ಹೇಳಿದೆ. ಇದೇ ಜನ ಹೌದು ಹೌದೆಂದು ತಲೆ ಅಲ್ಲಾಡಿಸಿದರು. ನನ್ನ ಉಪ್ಪಿನಕಾಯಿ ನೆಕ್ಕಿದ ನಾಲಗೆಗಳು! ಒಂದಾದರೂ ಎದ್ದಿತಾ?"

"ಎಂತ ಸಂಭಾಷಣೆ!" ಎಂದ ಫೌಸ್ಟಿನ್, ಕಣ್ಣೊರೆಸಿಕೊಳ್ಳುತ್ತಾ.

ಲಿಯೋನೆಲ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ದನಿ ಬೆರಳ ಸಂದಿನಿಂದ ಬಂತು. ತುಟಿ ಕಚ್ಚಿದ. ರಕ್ತ ಬಂತು. ದನಿ ನಿಲ್ಲಲಿಲ್ಲ. "ಇವನು ತಿಂದಿದ್ದಾನೆ, ನೋಡು. ಅದೇ ಭರಣಿಯಿಂದ. ಸತ್ತನಾ? ಎಲ್ಲಿ ನಿನ್ನ ವಿಷ?"

ಪ್ರೆಸಿಲ್ಲಾ ಓಡಿ ಬಂದಳು. ಗಂಡನ ಉಸಿರಿಗೆ ಮೂಗು ಹಿಡಿದಳು. ಹಳೆಯ ಲಿಂಬೆ. "ತಿಂದಿರಾ?" ಅವನು ಹೌದೆಂದು ತಲೆ ಅಲ್ಲಾಡಿಸಿದ. ಅವನ ಕಣ್ಣಿನಲ್ಲಿ ಮಾತ್ರ ಅವನಿದ್ದ. ಅವಳು ತಂದೆಯ ಕಡೆ ತಿರುಗಿದಳು.

"ಪಪ್ಪಾ, ಇದು ಅಣಕ ಅಲ್ಲ. ಸುಳ್ಳು ಹೇಳಿದ್ದು ಅಂತ ಹೇಳಿ. ಒಂದೇ ಮಾತು. ನಾಲ್ಕು ಜನ ಇದ್ದಾರೆ. ಹೇಳಿಬಿಡಿ. ಇವರ ದನಿ ಹೋಗ್ತದೆ ಪಪ್ಪಾ!"

ಮ್ಯಾಕ್ಸಿಮ್ ಅಳಿಯನನ್ನು ನೋಡಿದರು. ಅಳಿಯ ಮಾವನನ್ನು ನೋಡಿದ. ಆ ನೋಟದಲ್ಲಿ ಎಲ್ಲ ಇತ್ತು. ಗುಡ್ಡ ಇತ್ತು. ಭಟ್ಟಿಯ ಹೊಗೆ ಇತ್ತು. ಕುಪ್ಪಿ ಇತ್ತು. ಮಾವನಿಗೆ ಗೊತ್ತು. ಮಾವನಿಗೆ ಗೊತ್ತೆಂದು ಅಳಿಯನಿಗೂ ಗೊತ್ತು. ಲಿಯೋನೆಲ್ ಮೊಣಕಾಲೂರಿ ಕೈ ಮುಗಿದ. ಮ್ಯಾಕ್ಸಿಮ್ ತುಟಿ ಬಿಚ್ಚಿದರು.

ನಕ್ಕರು.

"ಅಬ್ಬಬ್ಬಾ! ಕಾಲು ಸಹ ಹಿಡಿಯುತ್ತಾನೆ ನೋಡಿ! ನನ್ನ ಮಗಳನ್ನೂ ನಾಟಕಕ್ಕೆ ಸೇರಿಸಿದ್ದಾನೆ! ಹೆದರಿಬಿಟ್ಟೆ ಮಾರಾಯ, ನಾನೂ ಹೆದರಿಬಿಟ್ಟೆ!"

"ಹೇಳು ಮ್ಯಾಕ್ಸಿಮಾ," ಎಂದಿತು ಅಳಿಯನ ಬಾಯಿ.

ಅವರು ಇನ್ನೂ ಜೋರಾಗಿ ನಕ್ಕರು. ಮೇಜು ಕುಟ್ಟಿ ನಕ್ಕರು. ಜನರೂ ನಕ್ಕರು. ಲಿಯೋನೆಲ್ ಅಳುತ್ತಾ ಹಣೆಯನ್ನು ಅವರ ಪಾದಕ್ಕೆ ಬಡಿದ. ಫೌಸ್ಟಿನ್‌ನ ನಗೆ ತಗ್ಗಿತು. ಇದೆಂತ ಅಳು? ಹಿಂದಿನ ಬೆಂಚಿನ ನಗೆ ನಿಂತಿತು. ಬರ್ತಾಬಾಯಿ ಗೋಡೆಗೆ ಒರಗಿ ಕೆಳಗೆ ಕುಸಿದಳು. ಒಬ್ಬೊಬ್ಬರದೇ ನಗೆ ಆರಿತು. ಎಲ್ಲರ ಮುಖವೂ ಮ್ಯಾಕ್ಸಿಮನ ಕಡೆ ತಿರುಗಿತು.

ಮ್ಯಾಕ್ಸಿಮ್ ಒಬ್ಬರೇ ನಗುತ್ತಿದ್ದರು. ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಉಸಿರು ಸಿಕ್ಕದೆ, ನಿಲ್ಲಿಸದೆ. ನಿಲ್ಲಿಸಿದರೆ ಉತ್ತರ ಹೇಳಬೇಕಿತ್ತು.