ಮೂಲೆ ಕತ್ತರಿಸಿದ ಪಾಸ್‌ಪೋರ್ಟ್

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾರ್ಕಳ ನಗರ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಅತ್ತೆ, ಸೊಸೆ ಇಬ್ಬರು. ಒಂದೇ ರಿಕ್ಷಾದಲ್ಲಿ ಬಂದಿದ್ದರೂ ಒಟ್ಟಿಗೆ ಬಂದವರ ಹಾಗೆ ಕಾಣಲಿಲ್ಲ. ಸೊಸೆ ವಿಜೇತಾ ಪಿಎಸ್‌ಐ ಜಯಮಾಲಾಳ ಮೇಜಿನ ಎದುರು ಕುಳಿತಳು. ಅತ್ತೆ ಕುಶಲಾ ಕುರ್ಚಿ ಕೊಟ್ಟರೂ ಕೂರದೆ ಬಾಗಿಲ ಬಳಿಯೇ ನಿಂತರು.

"ನನ್ನ ಪಾಸ್‌ಪೋರ್ಟ್ ಕಳವಾಗಿದೆ ಮೇಡಂ. ಶುಕ್ರವಾರ ಫ್ಲೈಟ್ ಉಂಟು."

"ಎಲ್ಲಿಗೆ?"

"ಐರ್ಲೆಂಡಿಗೆ. ಅಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಮುಂದಿನ ವಾರ ಹಾಜರಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ."

ಅಷ್ಟು ಹೇಳಿ ವಿಜೇತಾ ಬ್ಯಾಗಿನಿಂದ ಒಂದು ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟಳು. ಜಯಮಾಲಾ ಅದನ್ನು ನೋಡಿದಳು, ಅವಳನ್ನೂ ನೋಡಿದಳು.

"ಏನ್ರೀ ಇದು? ಕಳವಾದದ್ದನ್ನ ನೀವೇ ತಂದೀರಲ್ಲ?" ಬಾಗಲಕೋಟೆಯ ಮಾತು ಅವಳಿಗೆ ಅರಿವಿಲ್ಲದೆಯೇ ಹೊರಬರುವುದು ಇಂಥ ಹೊತ್ತಿನಲ್ಲೇ.

"ಇದು ಹೊಸದು ಮೇಡಂ, ಮದುವೆಯ ನಂತರದ್ದು. ಹೋದದ್ದು ಹಳೆಯದು. ನನ್ನ ವೀಸಾ ಇರುವುದು ಅದರಲ್ಲೇ."

ವಿಷಯ ಇಷ್ಟು. ವೀಸಾ ಸಿಕ್ಕಿದಾಗ ಅವಳು ವಿಜೇತಾ ಬಡಗುಮನೆ. ಬಡಗುಮನೆ ಎಂದರೆ ಕಾಪುವಿನಲ್ಲಿರುವ ಅವಳ ತಾಯಿಯ ಕುಟುಂಬದ ಮನೆ. ಆಮೇಲೆ ಮದುವೆಯಾಯಿತು. ಗಂಡ ಪ್ರತೀಕ್ ಮುಂದೆ ಅಲ್ಲಿಗೆ ಹೋಗಲು ಅನುಕೂಲವಾಗಲೆಂದು ವಿಜೇತಾ ಪ್ರತೀಕ್ ಎಂಬ ಹೆಸರಿನಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿದರು. ಕಚೇರಿಯವರು ಹಳೆಯದರ ಮೂಲೆ ಕತ್ತರಿಸಿ, ರದ್ದಾಗಿದೆ ಎಂದು ಮುದ್ರೆ ಒತ್ತಿ ಮರಳಿಸಿದರು. ಪುಸ್ತಕ ಸತ್ತರೂ ಅದರೊಳಗಿನ ವೀಸಾಕ್ಕೆ ಜೀವ ಇತ್ತು. ಹಳೆಯದು, ಹೊಸದು, ಮದುವೆಯ ಪ್ರಮಾಣಪತ್ರ, ಮೂರೂ ಕೈಯಲ್ಲಿದ್ದರೆ ಮಾತ್ರ ಪ್ರಯಾಣ.

"ಯಾರ ಮೇಲೆ ಅನುಮಾನ?"

ವಿಜೇತಾ ತಲೆ ತಗ್ಗಿಸಿದಳು. ಬಾಗಿಲ ಬಳಿಯಿಂದ ಉತ್ತರ ಬಂತು. "ಅವಳು ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಅನುಮಾನ ನನ್ನ ಮೇಲೆ. ಅವಳು ಇಷ್ಟು ಬೇಗ ಹೊರಡುವುದು ಬೇಡ ಅಂತ ಹೇಳಿದ್ದು ಹೌದು. ಹಾಗಂತ ಕದಿಯುವ ಕುಟುಂಬ ಅಲ್ಲ ನಮ್ಮದು. ಬೇಕಾದರೆ ನನ್ನ ಹೆಸರೇ ಬರೆದುಕೊಳ್ಳಿ."

ಜಯಮಾಲಾ ಯಾರ ಹೆಸರನ್ನೂ ಬರೆಯಲಿಲ್ಲ. ಮನೆಯೊಳಗಿನ ಕಳವು ಎಂದು ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಲಕ್ಷಿತ್‌ನನ್ನು ಕರೆದುಕೊಂಡು ಕುಕ್ಕುಂದೂರಿಗೆ ಜೀಪು ಹತ್ತಿದಳು.

ಪಂಚನಾಮೆ ಹನ್ನೊಂದು ಗಂಟೆಗೆ ಶುರುವಾಯಿತು. ಪಂಚರಲ್ಲಿ ಒಬ್ಬರು ಪಕ್ಕದ ಮನೆಯ ಗ್ಲ್ಯಾಡಿಸ್. ಕಪಾಟಿನ ಬೀಗ ಮುರಿದಿರಲಿಲ್ಲ, ಬೀಗ ಹಾಕುವ ರೂಢಿಯೇ ಆ ಮನೆಯಲ್ಲಿ ಇರಲಿಲ್ಲ. ಕರಿಮಣಿ, ಬಳೆ, ಚಿನ್ನವೆಲ್ಲ ಇದ್ದಲ್ಲೇ ಇತ್ತು. ಎರಡೂ ಪಾಸ್‌ಪೋರ್ಟ್ ಇಟ್ಟಿದ್ದ ಪ್ಲಾಸ್ಟಿಕ್ ಕವರು ಮೇಲಿನ ಅರೆಯಲ್ಲಿತ್ತು. ಚಿನ್ನ ಬಿಟ್ಟು, ಮೂಲೆ ಕತ್ತರಿಸಿದ ಪುಸ್ತಕ ಹೊತ್ತೊಯ್ಯುವ ಕಳ್ಳನನ್ನು ಜಯಮಾಲಾ ತನ್ನ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಕವರನ್ನು ತಲೆಕೆಳಗು ಮಾಡಿ ಕೊಡವಿದಾಗ ಬಾಳೆಲೆಯ ಸಣ್ಣ ಪೊಟ್ಟಣವೊಂದು ಬಿತ್ತು. ಒಳಗೆ ಗಂಧ, ನಾಲ್ಕು ಎಸಳು ಹಿಂಗಾರ, ಅಂದರೆ ಅಡಿಕೆಯ ಹೂ.

"ಇದೆಂಥದು?"

"ಪ್ರಸಾದ ಮೇಡಂ," ಎಂದ ಲಕ್ಷಿತ್. "ನಮ್ಮ ಊರಿನಲ್ಲಿ ಯಾವ ಕಪಾಟು ತೆಗೆದರೂ ಸಿಗ್ತದೆ. ಅದನ್ನು ಬರೆಯುವುದು ಬೇಡ."

"ಬರೀರಿ. ಯಾರು ತಂದದ್ದು ಇದು?"

ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಅತ್ತೆಯ ಮುಖ ನೋಡಿದಳು. ಕುಶಲಾ ನಿಧಾನವಾಗಿ ಹೇಳಿದರು, "ನಮ್ಮ ಮನೆಗೆ ಈಗ ಪ್ರಸಾದ ಬರುವ ಹಾಗೇ ಇಲ್ಲ ಮೇಡಂ. ನನ್ನ ಮೈದುನ ತೀರಿಹೋಗಿ ಇನ್ನೂ ಬೊಜ್ಜ, ಉತ್ತರಕ್ರಿಯೆ, ಆಗಲಿಲ್ಲ. ಸೂತಕ ಉಂಟು."

ಬಾಳೆಲೆ ಬಾಡಿತ್ತು, ಒಣಗಿರಲಿಲ್ಲ. ಎರಡು ಮೂರು ದಿನದ್ದಿರಬೇಕು. ಸೂತಕದ ಮನೆಯಲ್ಲಿ ಕೈಗೆ ಕೊಡಲಾಗದೆ, ಯಾರಿಗೂ ಹೇಳದೆ ಇಟ್ಟು ಹೋದ ಪ್ರಸಾದ. ಇಟ್ಟವನಿಗೆ ಈ ಹುಡುಗಿ ಸುಖವಾಗಿ ಹೋಗಿ ಬರಲಿ ಎಂಬ ಆಸೆ ಇದೆ, ಮತ್ತೆ ಅವಳು ಹೋಗಲು ಬೇಕಾದದ್ದನ್ನೇ ಎತ್ತಿಕೊಂಡು ಹೋಗಿದ್ದಾನೆ! ಎಂಥ ಕಳ್ಳ ಇವನು, ಶಿವನೇ!

"ಭಾನುವಾರದಿಂದ ಈಚೆಗೆ ಯಾರು ಯಾರು ಬಂದಿದ್ದರು?"

"ಏಜೆಂಟ್ ಡೆನ್ವರ್ ಬಂದಿದ್ದರು, ಟಿಕೆಟ್ ಕೊಡಲಿಕ್ಕೆ," ಎಂದಳು ವಿಜೇತಾ. "ಮತ್ತೆ ನನ್ನ ತಮ್ಮಲೆ." ತುಳುವರಲ್ಲಿ ಸೋದರಮಾವನಿಗೆ ತಮ್ಮಲೆ ಎನ್ನುತ್ತಾರೆ. ಅಷ್ಟು ಹೇಳಿದವಳ ಕಣ್ಣು ಪೊಟ್ಟಣದ ಮೇಲೆ ನಿಂತಿತು. ಅದನ್ನು ಜಯಮಾಲಾ ಗಮನಿಸಿದಳು.

ಆದರೂ ತನಿಖೆ ಎಂದ ಮೇಲೆ ಒಂದು ಬಾಗಿಲನ್ನೂ ಬಿಡುವಂತಿಲ್ಲ. ಸಂಜೆ ಮಣಿಪಾಲದ ಟ್ರಾವೆಲ್ ಆಫೀಸಿನಲ್ಲಿ ಡೆನ್ವರ್ ಬೆವರು ಒರೆಸಿಕೊಳ್ಳುತ್ತ ನಿಂತ.

"ನಾನು ಚಾವಡಿ ದಾಟಿ ಒಳಗೆ ಹೋಗಲೇ ಇಲ್ಲ ಮೇಡಂ. ಟಿಕೆಟ್ ಕೊಟ್ಟೆ, ಜ್ಯೂಸ್ ಕುಡಿದೆ, ಹೊರಟೆ."

"ಅವಳ ಸೋದರಮಾವ ಇದ್ದರಾ?"

"ಇದ್ದರು. ಹೊಸ ಪಾಸ್‌ಪೋರ್ಟಿನ ಮೊದಲ ಪುಟ ತೋರಿಸಿ, ಇಲ್ಲಿ ಬಡಗುಮನೆ ಎಲ್ಲಿ ಉಂಟು ಅಂತ ನನ್ನನ್ನು ಕೇಳಿದರು. ಇಲ್ಲ ಅಂದೆ. ಹಳೆಯದರ ಕತ್ತರಿಸಿದ ಮೂಲೆಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಈ ಹೆಂಗಸರ ಹೆಸರಿನದ್ದೇ ದೊಡ್ಡ ತಲೆಬಿಸಿ ಮೇಡಂ!"

"ತಲೆಬಿಸಿ ಹೆಂಗಸರದ್ದಲ್ಲ," ಎಂದಳು ಜಯಮಾಲಾ. ಅವಳ ಎದೆಯ ಮೇಲಿನ ಫಲಕದಲ್ಲಿ ಮದುವೆಯ ನಂತರವೂ ಅಪ್ಪ ಬಾಲಪ್ಪನ ಹೆಸರೇ ಇತ್ತು. ಅದನ್ನು ಅವಳು ದಿನಾ ಬೆಳಿಗ್ಗೆ ಒರೆಸಿ ಹಾಕಿಕೊಳ್ಳುತ್ತಿದ್ದಳು.

ಬುಧವಾರ ಬೆಳಿಗ್ಗೆ ಕಾಪು ಠಾಣೆಗೆ ಮಾಹಿತಿ ಕೊಟ್ಟು ಜಯಮಾಲಾ, ಲಕ್ಷಿತ್ ಇಬ್ಬರೂ ಬಡಗುಮನೆಯ ಅಂಗಳದಲ್ಲಿ ಇಳಿದರು. ವಿಜೇತಾಳ ತಮ್ಮಲೆ ಶೀನ ಅಂಗಳ ಗುಡಿಸುತ್ತಿದ್ದ. ಮುಂಬೈಯ ಕ್ಯಾಂಟೀನೊಂದರಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವನು. ತಂಗಿ ಸುಂದರಿ ತೀರಿಹೋದಾಗ ಅವಳ ಪುಟ್ಟ ಮಗಳಿಗಾಗಿ ಎಲ್ಲ ಬಿಟ್ಟು ಊರಿಗೆ ಬಂದವನು. ಮದುವೆ ಆಗಲಿಲ್ಲ. ಪೊಲೀಸರನ್ನು ಕಂಡು ಹಿಡಿಸೂಡಿಯನ್ನು ಮೂಲೆಗಿಟ್ಟು, ಕೈ ತೊಳೆದು ಬಂದು ನಿಂತ.

"ಭಾನುವಾರ ಕುಕ್ಕುಂದೂರಿಗೆ ಹೋಗಿದ್ದಿರಾ?"

"ಹೋಗಿದ್ದೆ."

"ಕಪಾಟು ತೆರೆದಿರಾ?"

"ಅವಳೇ ತೆರೆದು ತೋರಿಸಿದ್ದು. ಅವಳು ಚಾ ಮಾಡಲಿಕ್ಕೆ ಹೋದಾಗ ಪ್ರಸಾದ ಇಟ್ಟೆ."

"ಇಟ್ಟು, ತೆಗೆದದ್ದೇನು?"

ಶೀನ ದೈವದ ಚಾವಡಿಯ ಕಡೆ ತಿರುಗಿದ. ಲಕ್ಷಿತ್ ಬೂಟು ಬಿಚ್ಚಿದರೂ ಹೊಸ್ತಿಲು ದಾಟಲು ಅಂಜಿದ. ಶೀನನೇ ಒಳಗೆ ಹೋಗಿ, ದೈವದ ಮಂಚದ ಮೇಲಿಂದ ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಕತ್ತರಿಸಿದ ಮೂಲೆಗೆ ಗಂಧ ಹಚ್ಚಿತ್ತು.

"ವೀಸಾ ಇದರಲ್ಲಿದೆ ಅಂತ ಗೊತ್ತಿತ್ತಾ?"

"ಅವತ್ತು ಗೊತ್ತಿರಲಿಲ್ಲ. ರದ್ದಿ ಅಂತಲೇ ತಂದೆ. ಮರುದಿನ ಅವಳು ಅತ್ತು ಫೋನ್ ಮಾಡಿದಳಲ್ಲ, ಆಗ ಗೊತ್ತಾಯಿತು."

"ಗೊತ್ತಾದ ಮೇಲೂ ಸುಮ್ಮನಿದ್ದಿರಿ?"

"ಇದ್ದೆ. ನಮ್ಮದು ಅಳಿಯಸಂತಾನ ಮೇಡಂ. ಮನೆ ಮುಂದುವರಿಯುವುದು ಹೆಣ್ಣಿನಿಂದ. ನನ್ನ ನಂತರ ಈ ದೀಪಕ್ಕೆ ಅವಳೇ. ಶಾಲೆಗೆ ಸೇರಿಸುವಾಗ ಬಡಗುಮನೆ ಅಂತ ನಾನೇ ಬರೆಸಿದ್ದು. ಈ ಮನೆಯ ಹೆಸರು ವಿಮಾನ ಹತ್ತುತ್ತದೆ ಅಂತ ಊರಿಡೀ ಹೇಳಿಕೊಂಡು ಬಂದೆ. ಅದನ್ನು ಕತ್ತರಿ ಹಾಕಿ ಬದಿಗಿಟ್ಟರು, ನನಗೆ ಒಂದು ಮಾತು ಹೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೆ ಬರ್ತದಾ? ಬಂದು ಕೇಳಲಿ, ಆಗ ಕೊಡುವ ಅಂತ ಕೂತೆ."

"ಅವರು ನಿಮ್ಮಲ್ಲಿಗೆ ಬರಲಿಲ್ಲ. ನಮ್ಮಲ್ಲಿಗೆ ಬಂದರು."

"ಗೊತ್ತು. ಕದ್ದದ್ದು ನಾನೇ. ಬರೆದುಕೊಳ್ಳಿ."

ಜಪ್ತಿ ಪಂಚನಾಮೆ ಮುಗಿಯಿತು. ದಸ್ತಗಿರಿಯ ಸಂಗತಿಯನ್ನು ಯಾರಿಗೆ ತಿಳಿಸಬೇಕು ಎಂದು ಲಕ್ಷಿತ್ ಕೇಳಿದ. "ನನಗೆ ಇರುವುದು ಅವಳೊಬ್ಬಳೇ ಅಲ್ವಾ ಮಾರಾಯ," ಎಂದ ಶೀನ. ದೂರು ಕೊಟ್ಟವಳಿಗೇ, ಆರೋಪಿಯ ಹತ್ತಿರದ ಸಂಬಂಧಿಯೆಂದು ಜಯಮಾಲಾ ಫೋನ್ ಮಾಡಿದಳು.

ಕಾರ್ಕಳ ಠಾಣೆಗೆ ಜೀಪು ಬರುವ ಮೊದಲೇ ರಿಕ್ಷಾ ಬಂದಿತ್ತು. ಈ ಸಲ ಕುಶಲಾ ಮುಂದೆ, ವಿಜೇತಾ ಹಿಂದೆ. ಕುಶಲಾರ ಕೈಯಲ್ಲಿ ಮನೆಯ ಜಾಗದ ಪಹಣಿ.

"ಕೋರ್ಟಿನಲ್ಲಿ ಜಾಮೀನಿಗೆ ಇದು ಸಾಕಾ ಮೇಡಂ? ಸಾಲದಿದ್ದರೆ ಬಜಗೋಳಿಯ ಜಾಗದ್ದೂ ಉಂಟು."

"ನೀವು ಜಾಮೀನಾ?" ಲಕ್ಷಿತ್ ಬಾಯಿ ಬಿಟ್ಟ.

"ಮತ್ತೆ? ನನ್ನ ಸೊಸೆಯ ತಮ್ಮಲೆ ಲಾಕಪ್ಪಿನಲ್ಲಿ ಮಲಗಿದರೆ ಮರ್ಯಾದೆ ಯಾರದ್ದು ಹೋಗುವುದು? ನಮ್ಮದೇ ಅಲ್ವಾ!" ಶೀನನ ಕಡೆ ತಿರುಗಿದಾಗ ಅವರ ದನಿ ಇಳಿಯಿತು. "ನಿಮಗೆ ಹೇಳಬೇಕಿತ್ತು. ಹೇಳದೆ ಇದ್ದದ್ದು ನಮ್ಮ ತಪ್ಪೇ."

ಶೀನ ಗೋಡೆ ನೋಡುತ್ತ ಕುಳಿತಿದ್ದ. ವಿಜೇತಾ ಅವನ ಪಕ್ಕದ ಬೆಂಚಿನಲ್ಲಿ ಕುಳಿತು ಕಣ್ಣೊರೆಸಿಕೊಂಡಳು.

"ಹೆಸರು ಬದಲಿಸಲಿಕ್ಕೆ ಒಪ್ಪಿದ್ದು ನಾನು ಮಾಮ. ಅವರಲ್ಲ. ನಿಮಗೆ ಹೇಳಲು ಧೈರ್ಯ ಸಾಲಲಿಲ್ಲ." ಹೊಸ ಪಾಸ್‌ಪೋರ್ಟ್ ತೆಗೆದು ಕೊನೆಯ ಪುಟ ಬಿಡಿಸಿದಳು. "ನೀವು ಮೊದಲ ಪುಟ ಮಾತ್ರ ನೋಡಿದ್ದು. ಇದನ್ನು ನೋಡಲಿಲ್ಲ."

ಶೀನನಿಗೆ ಇಂಗ್ಲಿಷ್ ಬರದು. ಲಕ್ಷಿತ್‌ನ ಕಡೆ ನೋಡಿದ. ಲಕ್ಷಿತ್ ಬಗ್ಗಿ ಓದಿದ. "ತಾಯಿಯ ಹೆಸರು, ಸುಂದರಿ ಬಡಗುಮನೆ."

"ಎಂತ?"

"ಸುಂದರಿ ಬಡಗುಮನೆ."

"ಅದನ್ನು ಕತ್ತರಿಸುವುದಿಲ್ಲವಾ?"

"ಎಷ್ಟು ಹೆಸರು ಬದಲಿಸಿದರೂ ತಾಯಿ ಬದಲಾಗುವುದಿಲ್ಲ ಮಾಮ," ಎಂದಳು ವಿಜೇತಾ.

ಅಂದೇ ಮಧ್ಯಾಹ್ನ ನ್ಯಾಯಾಲಯ ಶೀನನಿಗೆ ಜಾಮೀನು ಕೊಟ್ಟಿತು, ಜಪ್ತಿಯಾದ ಪಾಸ್‌ಪೋರ್ಟನ್ನು ಪ್ರಯಾಣಕ್ಕಾಗಿ ವಿಜೇತಾಳಿಗೆ ಬಿಟ್ಟುಕೊಡಲು ಆದೇಶಿಸಿತು. ಗಂಧದ ಕಲೆ ಒರೆಸಬೇಕೇ ಎಂದು ಲಕ್ಷಿತ್ ಕೇಳಿದ. ಬೇಡ ಎಂದಳು ಜಯಮಾಲಾ.

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆಯುವಾಗ ಅವಳ ಪೆನ್ನು ಸ್ವಲ್ಪ ತಡೆಯಿತು. ದ್ವೇಷವಿಲ್ಲ, ದುರಾಸೆಯಿಲ್ಲ. ಹೊರಗೆ ಜಗಲಿಯಲ್ಲಿ ಶೀನ, ಕಾಗದಕ್ಕೆ ಸಹಿ ಹಾಕಲು ಬಂದ ಅಪರಿಚಿತನೊಬ್ಬನನ್ನು ಹಿಡಿದು ನಿಲ್ಲಿಸಿ, ಅವನ ಮುಂದೆ ಹೊಸ ಪಾಸ್‌ಪೋರ್ಟಿನ ಕೊನೆಯ ಪುಟ ಬಿಡಿಸಿ ಹಿಡಿದಿದ್ದ.

"ಇಂಗ್ಲಿಷ್ ಬರ್ತದಲ್ಲ? ಸ್ವಲ್ಪ ಗಟ್ಟಿಯಾಗಿ ಓದಿ ಮಾರಾಯ್ರೆ. ಇದು ನನ್ನ ತಂಗಿಯ ಹೆಸರು. ಶುಕ್ರವಾರ ವಿಮಾನ ಹತ್ತುತ್ತದೆ."