ಅಕ್ಕ ಕಲಿಸಿದ ನುಡಿಪಟ್ಟಿ

ಕೊರಳಪಟ್ಟಿಯ ಮುಂಭಾಗದಲ್ಲಿದ್ದ ಸಣ್ಣ ಹಸಿರು ದೀಪ ಮಿನುಗಿತು. ನಿರಂಜನನ ಬಾಯಿಂದ ಮೊದಲು ಹೊರಬಿದ್ದದ್ದು ನುಜ್ಜುಗುಜ್ಜಾದ ಸ್ವರ. ಅದರ ಬೆನ್ನಿಗೇ ಅವನ ಕೊರಳಿಗೆ ಕಟ್ಟಿದ್ದ ಪಟ್ಟಿಯಿಂದ ಒಂಬತ್ತು ವರ್ಷದ ಹುಡುಗನ ತಿಳಿಯಾದ ದನಿ ಕೇಳಿಬಂತು.

"ನನ್ನ ಹೆಸರು ನಿರಂಜನ ರೀ. ನಾವು ರೋಣದಿಂದ ಬಂದೇವಿ. ನನಗ ಕಿಟಕಿ ಕಡೆ ಕೂಡಾಕ ಕೊಡ್ತೀರೇನ್ರಿ?"

ಗದಗಿನ ಆ ಶಾಲೆಯ ನಾಲ್ಕನೇ ತರಗತಿ ಒಟ್ಟಿಗೇ ಗದ್ದಲವೆಬ್ಬಿಸಿತು. ಹಿಂದಿನ ಬೆಂಚಿನಲ್ಲಿದ್ದ ಫಕೀರೇಶ ಎದ್ದು ನಿಂತ. "ಟೀಚರ್ರ, ಅದರಾಗ ಕ್ರಿಕೆಟ್ ಕಾಮೆಂಟ್ರಿ ಬರ್ತೈತೇನ್ರಿ?"

"ನೀ ಮೊದಲ ಕೂಡಪಾ," ಎಂದರು ಮಂಗಳಗಟ್ಟಿ ಟೀಚರ್. ನಿರಂಜನನ ಗಾಲಿಕುರ್ಚಿಯನ್ನು ಅವರೇ ಕಿಟಕಿಯ ಕಡೆ ತಿರುಗಿಸಿದರು.

ಬಾಗಿಲ ಹೊರಗೆ ನಿಂತಿದ್ದ ಅಕ್ಕ ದಾನಮ್ಮ ಇದನ್ನೆಲ್ಲ ನೋಡಿ ತನ್ನ ಏಳನೇ ತರಗತಿಯ ಕಡೆ ಹೊರಟಳು. ರೋಣದ ಶಾಲೆಯಲ್ಲಿ ತಮ್ಮ ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬ ಹುಡುಗ ಓಡಿಬಂದು ಅವಳನ್ನು ಕರೆದೊಯ್ಯುತ್ತಿದ್ದ. ತಮ್ಮನ ಮಾತು ಅಪ್ಪನಿಗೆ ಅಲ್ಪಸ್ವಲ್ಪ, ಅವ್ವನಿಗೆ ಅರ್ಧ, ದಾನಮ್ಮನಿಗೆ ಪೂರ್ತಿ ತಿಳಿಯುತ್ತಿತ್ತು. ಅಪ್ಪನಿಗೆ ಕಪ್ಪತಗುಡ್ಡದ ಗಾಳಿಯಂತ್ರಗಳ ಕೆಲಸಕ್ಕೆ ವರ್ಗವಾಗಿ ಅವರು ಗದಗಿಗೆ ಬಂದ ಮೇಲೆ, ಪಟ್ಟಿಯಿದ್ದುದರಿಂದ ಇಲ್ಲಿ ಅವಳನ್ನು ಕರೆಯಲು ಯಾರೂ ಬರಬೇಕಾಗಿರಲಿಲ್ಲ.

ಅದು ಈ ಶತಮಾನದ ಐವತ್ತರ ದಶಕ. ಹುಟ್ಟುವಾಗ ಮಿದುಳಿಗೆ ಆಮ್ಲಜನಕ ಸಾಲದೆ ನಿರಂಜನನ ಕೈಕಾಲು, ನಾಲಿಗೆ, ಗಂಟಲಿನ ಸ್ನಾಯುಗಳು ಅವನ ಹಿಡಿತಕ್ಕೆ ಬಂದಿರಲಿಲ್ಲ. ಬುದ್ಧಿಗೆ ಏನೂ ಆಗಿರಲಿಲ್ಲ. ಅಂಥವರಿಗೆಂದು ಹುಬ್ಬಳ್ಳಿಯ ಡಾ. ರೇಷ್ಮಾ ನದಾಫ್ ರೂಪಿಸಿದ ಸಾಧನ ಈ ನುಡಿಪಟ್ಟಿ. ಮಾತಾಡಲು ಹೊರಟಾಗ ಗಂಟಲಿನ ಸ್ನಾಯುಗಳಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಪಟ್ಟಿಯೊಳಗಿನ ತಂತುಗಳು ಓದುತ್ತಿದ್ದವು. ಯಾವ ಮಿಡಿತಕ್ಕೆ ಯಾವ ಮಾತು ಎಂಬುದನ್ನು ಮಾತ್ರ ಯಾರಾದರೂ ಅದಕ್ಕೆ ಕಲಿಸಬೇಕಿತ್ತು. ಹೀಗಾಗಿ ಬೇಸಿಗೆಯ ರಜೆಯಿಡೀ ತಮ್ಮ ಮಾತಾಡಿದ, ಪಕ್ಕದಲ್ಲಿ ಕುಳಿತ ದಾನಮ್ಮ ಅದರ ಅರ್ಥ ಹೇಳಿದಳು, ಪಟ್ಟಿ ಎರಡನ್ನೂ ಹೊಂದಿಸಿಕೊಂಡು ಕಲಿಯಿತು.

ಹೊಸ ಶಾಲೆಯಲ್ಲಿ ನಿರಂಜನನಿಗೆ ಬೇಗನೆ ಒಂದು ಹೆಸರು ಬಂತು: ಶಾಣ್ಯಾ ಹುಡುಗ, ಅಂದರೆ ಜಾಣ, ಒಳ್ಳೆಯವ. ಅವನ ಕುರ್ಚಿಯನ್ನು ಯಾರು ಕೇಳದೆ ತಳ್ಳಿದರೂ ಪಟ್ಟಿ "ಥ್ಯಾಂಕ್ಸ್" ಎನ್ನುತ್ತಿತ್ತು. ಅವನ ಡಬ್ಬಿಯ ಶೇಂಗಾ ಹೋಳಿಗೆಗೆ ಫಕೀರೇಶ ಕೈಹಾಕಿದರೆ "ತಗೋ, ಇನ್ನೊಂದ್ ತಗೋ" ಎನ್ನುತ್ತಿತ್ತು. ನಿರಂಜನ ಅಂದದ್ದು ಹಾಗಲ್ಲ. ಆದರೆ ಎಲ್ಲರಿಗೂ ತಿಳಿಯುವ ದನಿ ಮೊದಲ ಸಲ ಸಿಕ್ಕ ಸಂತೋಷದಲ್ಲಿ ಅವನು ಸಣ್ಣಪುಟ್ಟ ವ್ಯತ್ಯಾಸಗಳನ್ನು ನುಂಗಿಕೊಂಡ.

ಅವನಿಗೆ ನಿಜವಾಗಿ ಬೇಕಿದ್ದದ್ದು ಒಂದೇ, ಕಬಡ್ಡಿಯಲ್ಲಿ ತೀರ್ಪು ಕೊಡುವ ಪಂಚನ ಜಾಗ. ಅವನು ಗೆರೆಯ ಮೇಲೆ ಇಟ್ಟ ಕಣ್ಣು ಕದಲಿಸುತ್ತಿರಲಿಲ್ಲವೆಂದು ಮಕ್ಕಳೇ ಅದನ್ನು ಅವನಿಗೆ ಕೊಟ್ಟಿದ್ದರು. ಮೈದಾನದ ಅಂಚಿನಲ್ಲಿ ಕುರ್ಚಿ ನಿಲ್ಲಿಸಿಕೊಂಡು ಅವನು "ಔಟ್" ಅಂದರೆ ಆಟಗಾರ ಹೊರಗೆ ಹೋಗುತ್ತಿದ್ದ. ತನ್ನ ಒಂದು ಮಾತಿಗೆ ಬೇರೆಯವರು ನಡೆದುಕೊಳ್ಳುವುದನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಜುಲೈನ ಒಂದು ಶನಿವಾರ ಫಕೀರೇಶ ದಾಳಿಗೆ ಹೋದವನು ತಪ್ಪಿಸಿಕೊಳ್ಳುವಾಗ ಹಿಮ್ಮಡಿಯನ್ನು ಬದಿಯ ಗೆರೆಯಾಚೆ ಇಟ್ಟ.

"ಔಟ್," ಎಂದಿತು ಪಟ್ಟಿ.

"ಏ, ನಾ ದಾಟಿಲ್ಲ! ದೇವರಾಣೆ ದಾಟಿಲ್ಲ!"

ನಿರಂಜನನ ಮುಖ ಕೆಂಪಾಯಿತು. ಕೊರಳಿನ ನರ ಬಿಗಿಯಿತು. ಅವನು ಮೈಯೆಲ್ಲ ಅಲುಗಿಸಿ ಏನೋ ಕೂಗಿದ. ಪಟ್ಟಿ ಮೆತ್ತಗೆ ನುಡಿಯಿತು: "ಪರವಾಗಿಲ್ಲ ಬಿಡು. ನೀನ ಆಡು."

ಫಕೀರೇಶನ ಕಡೆಯವರು ಕುಣಿದರು. ಎದುರು ತಂಡದ ನೀಲಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. "ಏನ್ ಪಂಚ ಅದೀಯೋ ನೀ? ಹೋಳಿಗಿ ಕೊಟ್ಟಂಗ ಪಾಯಿಂಟ್ ಕೊಡ್ತಿ? ಸೋಮವಾರದಿಂದ ಬ್ಯಾರೆ ಯಾರನ್ನರ ನೋಡ್ಕೋತೀವಿ."

ನಿರಂಜನ ಮತ್ತೆ ಕೂಗಿದ. ಪಟ್ಟಿ ಮತ್ತೆ "ಪರವಾಗಿಲ್ಲ" ಅಂದಿತು. ಅವನು ಗದ್ದದಿಂದ ಒತ್ತಿ, ಬಾಗದ ಬೆರಳುಗಳಿಂದ ಎಳೆದು, ಕೊನೆಗೂ ಪಟ್ಟಿಯನ್ನು ಕಿತ್ತು ಮಣ್ಣಿಗೆ ಹಾಕಿದ.

ಸೋಮವಾರ ಅವನು ಶಾಲೆಗೆ ಹೋಗಲಿಲ್ಲ. ಸಂಜೆ ಡಾ. ನದಾಫ್ ಮನೆಗೆ ಬಂದರು. ಪಟ್ಟಿಯನ್ನು ತಮ್ಮ ಯಂತ್ರಕ್ಕೆ ಜೋಡಿಸಿ ಬಹಳ ಹೊತ್ತು ನೋಡಿದರು.

"ಇದು ಕೆಟ್ಟಿಲ್ಲ," ಎಂದರು. "ದಾನಮ್ಮಾ, ಅವತ್ತು ಅಂವ ಏನಂದ? ಈಗ ಕೇಳಿ ಹೇಳು. ಅಂವ ಅಂದಂಗ ಹೇಳಬೇಕು, ನೋಡ."

ನಿರಂಜನ ಹೇಳಿದ. ದಾನಮ್ಮ ನೆಲ ನೋಡಿದಳು. "ಆಟ ಸರಿಯಾಗಿ ಆಡ್ರಿ ಅಂದಾನ್ರಿ."

ನಿರಂಜನ ಕುರ್ಚಿಯ ಕೈಯನ್ನು ಬಡಿದ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅವ್ವ ಅಲ್ಲಿಂದಲೇ, "ಹಂಗಂದಿಲ್ಲಂತ ಕಾಣ್ತೈತಿ," ಎಂದಳು.

"ಬೈದಾನ್ರಿ," ಎಂದಳು ದಾನಮ್ಮ.

"ಏನಂತ?"

"'ಸುಳ್ಳ ಹೇಳ್ತಿ, ಮಂಗ್ಯಾ! ನಡಿ ಹೊರಗ!' ಅಂತ್ರಿ."

ಡಾಕ್ಟರ್ ನಕ್ಕುಬಿಟ್ಟರು. ನಿರಂಜನನೂ ನಕ್ಕ. ದಾನಮ್ಮ ನಗಲಿಲ್ಲ.

ಡಾಕ್ಟರ್ ನಿಧಾನವಾಗಿ ವಿವರಿಸಿದರು. ಸಿಟ್ಟು ಬಂದಾಗ ಗಂಟಲು ಬಿಗಿಯುತ್ತದೆ, ಆಗ ಸ್ನಾಯುವಿನ ಮಿಡಿತವೇ ಬೇರೆಯಾಗುತ್ತದೆ. ರಜೆಯಲ್ಲಿ ಅಂಥ ಮಿಡಿತ ಬಂದಾಗಲೆಲ್ಲ ದಾನಮ್ಮ ಪಟ್ಟಿಗೆ ಕೊಟ್ಟ ಅರ್ಥ ಪರವಾಗಿಲ್ಲ, ಥ್ಯಾಂಕ್ಸ್, ತಗೋ ಎಂಬಂಥವು. ಹಾಗಾಗಿ ಬಿಗಿದ ಗಂಟಲೆಂದರೆ 'ಪರವಾಗಿಲ್ಲ' ಎಂದೇ ಪಟ್ಟಿ ತಿಳಿದುಕೊಂಡಿದೆ. "ನಾನೂ ತಪ್ಪಿದೆ," ಎಂದರು ಅವರು. "ಇಂವನ ಮಾತು ಸರಿಯಾಗಿ ಬಂತೋ ಇಲ್ಲೋ ಅಂತ ಇಂವನ್ನ ಕೇಳಬೇಕಿತ್ತು. ನಿನ್ನ ಕೇಳಿದೆ."

"ಖರೇ ಹೇಳಿದ್ರ ಎಲ್ಲಾರೂ ಇಂವನ್ನ ಬಿಟ್ಟ ಹೋಗ್ತಾರ ಅಂತ ಹೆದರಿದ್ಯಾ ರೀ," ಎಂದಳು ದಾನಮ್ಮ. "ಅಜ್ಜಿ ಮಾಡಿದ ಉಪ್ಪಿಟ್ಟು ಛಲೋ ಇಲ್ಲ ಅಂತಿದ್ದ. ನಾ ಹೊಟ್ಟಿ ತುಂಬೇತಂತ ಅಂತಿದ್ದೆ. ಈ ಸಲ ಹಂಗ ಮಾಡೂದಿಲ್ರಿ. ನಾನ ಮತ್ತ ಕಲಸ್ತೀನಿ."

ನಿರಂಜನ ಏನೋ ಹೇಳಿದ. ಎರಡೇ ಮಾತು.

ಡಾಕ್ಟರ್ ದಾನಮ್ಮನ ಮುಖ ನೋಡಿದರು. ಅಡುಗೆಮನೆಯಲ್ಲಿ ತಟ್ಟುವ ಸದ್ದು ನಿಂತಿತು.

"ಅಕ್ಕ ಬ್ಯಾಡ," ಎಂದಳು ದಾನಮ್ಮ. "ಅಕ್ಕ ಬ್ಯಾಡ ಅಂತ್ರಿ."

"ಮತ್ತ ಯಾರು?"

"ಫಕೀರೇಶ ಅಂತ್ರಿ."

"ಅಂವಗ ನಿನ್ನ ಮಾತು ತಿಳಿಯೂದಿಲ್ಲಲ್ಲೋ?" ಎಂದು ಡಾಕ್ಟರ್ ಈ ಸಲ ನಿರಂಜನನನ್ನೇ ಕೇಳಿದರು.

"ಕಲೀಲಿ ಅಂತ್ರಿ," ಎಂದು ಹೇಳಿ ದಾನಮ್ಮ ಎದ್ದು ಒಳಗೆ ಹೋದಳು. ಅವ್ವ ಏನೂ ಕೇಳದೆ ಒಂದು ಹಿಟ್ಟಿನ ಉಂಡೆಯನ್ನು ಅವಳ ಮುಂದೆ ಸರಿಸಿದಳು. "ಇಷ್ಟು ವರ್ಷ ಅಂವನ ಪರವಾಗಿ ಮಾತಾಡಿದಿ ಮಗಳ. ದಣಿದಿರ್ತಿ. ಒಂದಿಷ್ಟು ದಿನ ಸುಮ್ನ ಕೂಡು." ದಾನಮ್ಮ ರೊಟ್ಟಿ ತಟ್ಟಿದಳು. ಅದು ಹರಿಯಿತು. ಮತ್ತೆ ಉಂಡೆ ಮಾಡಿದಳು.

ಫಕೀರೇಶ ಮೊದಲು ಒಪ್ಪಲಿಲ್ಲ. ಆ ದಿನ ನಿರಂಜನ ನಿಜಕ್ಕೂ ಏನೆಂದಿದ್ದನೆಂದು ಟೀಚರ್ ತಿಳಿಸಿದಾಗ ಅವನ ಕಣ್ಣುಗಳು ಅಗಲವಾದವು. "ನನ್ನ ಮಂಗ್ಯಾ ಅಂದ್ನಾ? ಇಂವಾ? ಶಾಣ್ಯಾ ಹುಡುಗಾ?" ಎಂದು ಮೂರು ಸಲ ಕೇಳಿದ. ಮರುದಿನದಿಂದ ಊಟದ ಬಿಡುವಿನಲ್ಲಿ ತಾನಾಗಿಯೇ ಬಂದು ಕುಳಿತ.

ಅದು ಸುಲಭವಿರಲಿಲ್ಲ. ನಿರಂಜನ ಒಂದು ಹೇಳಿದರೆ ಫಕೀರೇಶ ಮತ್ತೊಂದು ತಿಳಿಯುತ್ತಿದ್ದ. ತಪ್ಪಾದರೆ ನಿರಂಜನ ತಲೆ ಅಲ್ಲಾಡಿಸುತ್ತಿದ್ದ, ಫಕೀರೇಶ "ಇನ್ನೊಮ್ಮೆ ಹೇಳಲೇ" ಎನ್ನುತ್ತಿದ್ದ. ಸರಿಯಾದರೆ ಮಾತ್ರ ಪಟ್ಟಿಗೆ ಅರ್ಥ ಸಿಗುತ್ತಿತ್ತು. ಒಗಟು ಬಿಡಿಸುವ ಆಸೆಗೆ ನೀಲಾ ಬಂದಳು, ಅವಳ ಹಿಂದೆ ಇನ್ನಷ್ಟು ಜನ. ಅವರಿಗೆಲ್ಲ ಮೊದಲು ಬಂದದ್ದು ಬೈಗುಳಗಳು.

ದಾನಮ್ಮ ಆ ಬಿಡುವುಗಳಲ್ಲಿ ತನ್ನ ತರಗತಿಯಲ್ಲೇ ಕೂತಿರುತ್ತಿದ್ದಳು. ಪಕ್ಕದ ಹುಡುಗಿ ಒಮ್ಮೆ, "ನಿನಗ ಏನ್ ಸೇರ್ತೈತಿ?" ಎಂದು ಕೇಳಿದಳು. ತನಗೇನು ಇಷ್ಟವೆಂದು ದಾನಮ್ಮ ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಮಳೆ ಕಡಿಮೆಯಾಗಿ ಮೈದಾನ ಒಣಗಿದಾಗ ಕಬಡ್ಡಿ ಮತ್ತೆ ಶುರುವಾಯಿತು. ಪಂಚನ ಜಾಗಕ್ಕೆ ನಿರಂಜನನನ್ನೇ ಕರೆದರು. ಆ ದಿನ ಪಟ್ಟಿ ಚಾರ್ಜಿಗೆ ಹಾಕಿದ್ದು ತರಗತಿಯಲ್ಲೇ ಉಳಿದಿತ್ತು. ಯಾರಿಗೂ ಅದರ ನೆನಪಾಗಲಿಲ್ಲ. ಫಕೀರೇಶ ಮತ್ತೆ ಗೆರೆ ತುಳಿದ. ನಿರಂಜನನ ಗಂಟಲು ಬಿಗಿದು ಆ ನುಜ್ಜುಗುಜ್ಜು ಸ್ವರ ಹೊರಬಂತು.

ಫಕೀರೇಶ ಕಿವಿಗೆ ಕೈಹಚ್ಚಿದ. "ಏನಂದಿ? ತಿಳೀಲಿಲ್ಲಪಾ."

"ತಿಳಿದೈತಿ ನಿನಗ!" ನೀಲಾ ಕೂಗಿದಳು. "ಸುಳ್ಳ ಹೇಳಬ್ಯಾಡ, ನಡಿ ಹೊರಗ!"

ಫಕೀರೇಶ ಗೊಣಗುತ್ತ ಹೊರಗೆ ಹೋದ. ಹೋಗುವಾಗ ಪಂಚನಿಗೂ ಒಂದು ಬೈಗುಳ ಕೊಟ್ಟ. ಪಂಚ ಅದನ್ನು ಹಿಂತಿರುಗಿಸಿದ.

ವರ್ಷದ ಕೊನೆಗೆ ಡಾ. ನದಾಫ್ ಅವರ ಸಂಸ್ಥೆ ಎಲ್ಲ ಪಟ್ಟಿಗಳ ಬಳಕೆಯ ಲೆಕ್ಕ ತೆಗೆಯಿತು. ಗದಗಿನ ಪಟ್ಟಿ ಅಂಗಡಿ, ಬಸ್ಸು, ಆಸ್ಪತ್ರೆಗಳಲ್ಲಿ ಮಾತ್ರ ಮಾತಾಡುತ್ತಿತ್ತು. ಶಾಲೆಯಲ್ಲಿ ಬಹುಪಾಲು ಚೀಲದೊಳಗೇ ಇರುತ್ತಿತ್ತು. ಸಾಧನದಲ್ಲಿ ದೋಷವಿದೆಯೇ ಎಂದು ಮೇಲಿನವರು ವಿಚಾರಿಸಿದರು. ಇಲ್ಲ, ಪಟ್ಟಿಗೆ ಕಲಿಸಲು ಕುಳಿತ ಮಕ್ಕಳು ಪಟ್ಟಿಗಿಂತ ಮೊದಲೇ ಅವನ ಮಾತು ಕಲಿತುಬಿಟ್ಟರು ಎಂದು ಡಾ. ನದಾಫ್ ಉತ್ತರಿಸಿದರು. ಮುಂದಿನ ಪಟ್ಟಿಗಳನ್ನು ಯಾರೊಬ್ಬರ ಕಿವಿಗೂ ಒಪ್ಪಿಸದೆ, ಪ್ರತಿ ಅರ್ಥಕ್ಕೂ ತೊಡುವವರ ಒಪ್ಪಿಗೆ ಕೇಳಿಯೇ ಕಲಿಸುವಂತೆ ನಿಯಮ ಬದಲಾಯಿಸಿದರು.

ಆದರೆ ಒಂದು ವಿಷಯ ಅವರ ಮನಸ್ಸಿನಿಂದ ಹೋಗಲಿಲ್ಲ. ಆ ಮಳೆಗಾಲದಲ್ಲಿ ಮಕ್ಕಳು ಬಳಸಿದ್ದು ಊಟದ ಬಿಡುವು, ಎರಡು ಕಿವಿ ಮತ್ತು 'ಇನ್ನೊಮ್ಮೆ ಹೇಳು' ಎನ್ನುವ ತಾಳ್ಮೆ. ಮೂವತ್ತು ವರ್ಷಗಳ ಹಿಂದೆ, ಇಂಥ ಪಟ್ಟಿ ಯಾವ ಮಗುವಿಗೂ ಸಿಗದಿದ್ದ ಕಾಲದಲ್ಲೂ, ಪ್ರತಿ ಶಾಲೆಯಲ್ಲಿ ಅವೆಲ್ಲ ಇದ್ದವು.