ಏಳನೆಯ ಮನೆಯ ಹೊಗೆ

1996ರ ಮಾರ್ಚ್ 14, ಗುರುವಾರ. ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಬೆರೆಜ್ನಿ ಪೊಲೀಸ್ ಠಾಣೆಗೆ ಊರಿನ ಮ್ಯೂಸಿಯಮ್ಮಿನ ನಿರ್ದೇಶಕ ಷುಬಿನ್ ಬೂಟಿನ ಹಿಮವನ್ನೂ ಕೊಡವದೆ ನುಗ್ಗಿದ.

“ಕ್ಯಾಪ್ಟನ್, ನನ್ನ ಮಾನ ಹೋಯ್ತು! ಲುಕೊವೊ ಚಿತ್ರ ನಕಲಿ. ಅಸಲಿ ಮಾಯ!”

ಕ್ಯಾಪ್ಟನ್ ಲೊಬಾನೊವ್ ಚಹಾದ ಲೋಟ ಪಕ್ಕಕ್ಕಿಟ್ಟ. “ಗೊತ್ತಾಗಿದ್ದು ಯಾವಾಗ?”

“ಒಂಬತ್ತೂವರೆಗೆ. ಕೊಳ್ಳೋಕೆ ಮಾಸ್ಕೋದಿಂದ ಒಬ್ಬ ಬಂದಿದ್ದ. ಚಿತ್ರದ ಮೂಲೆ ಮುಟ್ಟಿದ್ದೇ ತಡ, ಹೆಬ್ಬೆರಳಿಗೆ ಬಿಳಿ ಬಣ್ಣ ಅಂಟ್ಕೊಳ್ತು. ನಲವತ್ತೆಂಟು ವರ್ಷದ ಬಣ್ಣ ಇನ್ನೂ ಒಣಗಿಲ್ವಾ ಅಂತ ನನ್ನ ಮುಖಕ್ಕೇ ನಕ್ಕ.”

“ಲುಕೊವೊನ ಮಾರೋಕೆ ಹೊರಟಿದ್ರಾ?”

“ಚಾವಣಿ ಸೋರ್ತಿದೆ ಮಾರಾಯರೇ! ಜಿಲ್ಲಾಡಳಿತದ ಆದೇಶ ಇದೆ, ಮೊಹರು ಇದೆ. ಯುದ್ಧ ಮುಗಿದ ಕಾಲದ ಹಳ್ಳಿ ಚಿತ್ರ ಅಂದ್ರೆ ಈಗ ವಿದೇಶದವರು ಮುಗಿಬೀಳ್ತಾರೆ.”

ಲೊಬಾನೊವ್ ಎಫ್‌ಐಆರ್ ಬರೆದ. ವೋಲ್ಗಾ ದಂಡೆಯ ಲುಕೊವೊ ಹಳ್ಳಿ 1956ರಲ್ಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ಜನ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ, ತೆಪ್ಪ ಕಟ್ಟಿ ತಂದು ಬೆರೆಜ್ನಿಯಲ್ಲಿ ಮತ್ತೆ ಜೋಡಿಸಿಕೊಂಡಿದ್ದರು. ಆ ಹಳ್ಳಿ ಹೇಗಿತ್ತೆಂದು ತೋರಿಸಲು ಭೂಮಿಯ ಮೇಲೆ ಉಳಿದಿದ್ದುದು ಝಖಾರ್ ಚಿಬಿಸೋವ್ ಎಂಬ ಕಲಾವಿದ 1948ರಲ್ಲಿ ಬರೆದ ಈ ಒಂದು ಚಿತ್ರ. ಅದನ್ನೂ ಮಾರಲು ಹೊರಟವರ ಪರವಾಗಿ ತಾನು ಕಳ್ಳನನ್ನು ಹಿಡಿಯಬೇಕು. ಅವನಿಗೆ ಚಹಾ ಕಹಿಯೆನಿಸಿತು.

ಹನ್ನೊಂದು ಗಂಟೆಗೆ ಮ್ಯೂಸಿಯಮ್ಮಿನಲ್ಲಿ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ, ಕಿಟಕಿ ಭದ್ರವಾಗಿತ್ತು, ಚೌಕಟ್ಟು ಹಳೆಯದೇ. ಒಳಗಿನ ಕ್ಯಾನ್ವಾಸ್ ಮಾತ್ರ ಹೊಸದು. ನದಿ, ಕರಗುತ್ತಿರುವ ಹಿಮ, ಏಳು ಮರದ ಮನೆ, ಏಳು ಎಳೆ ಹೊಗೆ. ಎಲ್ಲೆಡೆ ಬಣ್ಣ ತೆಳ್ಳಗೆ ಒಣಗಿತ್ತು. ಮೂಲೆಯ ಏಳನೆಯ ಮನೆಯ ಹೊಗೆಗೆ ಮಾತ್ರ ಯಾರೋ ಬೆಣ್ಣೆ ಮೆತ್ತಿದ ಹಾಗೆ ಬಣ್ಣ ಮೆತ್ತಿದ್ದರು. ಮಾಸ್ಕೋದವನ ಹೆಬ್ಬೆರಳ ಗುರುತು ಅಲ್ಲೇ ಇತ್ತು.

“ಈ ಕೋಣೆಯ ಕಾವಲು ಯಾರದು?” ಲೊಬಾನೊವ್ ಷುಬಿನ್‌ನನ್ನು ಕೇಳಿದ.

“ಅಗ್ನಿಯಾ ಸವೆಲ್ಯೆವ್ನಾದು. ಹತ್ತೊಂಬತ್ತು ವರ್ಷದಿಂದ ಆ ಕುರ್ಚಿಲಿ ಕೂತು ಕಾಲುಚೀಲ ಹೆಣೀತಾಳೆ. ಇವತ್ತು ಸೊಂಟನೋವು ಅಂತ ರಜೆ.”

“ಚಿತ್ರ ಬರೀತಾಳಾ?”

“ಮೇ ದಿನದ ಬ್ಯಾನರು ಬರೀತಿದ್ಲು. ಆದ್ರೆ ಅವಳು ನೊಣಾನೂ ಹೊಡೆಯೋಳಲ್ಲ.”

ಸಾರ್ಜೆಂಟ್ ಪ್ರೋಖರ್ ಕಡತದ ಕೋಣೆಯಿಂದ 1949ರ ಕಟ್ಟೊಂದನ್ನು ತಂದು ಧೂಳು ಕೊಡವಿದ. ಚಿತ್ರವನ್ನು ಒಪ್ಪಿಕೊಳ್ಳುವ ಮುನ್ನ ಕಲಾ ಸಮಿತಿ ಚಿಬಿಸೋವ್‌ಗೆ ಕಾರಣ ಕೇಳಿ ನೋಟಿಸು ಕೊಟ್ಟಿತ್ತು: ‘ಏಳು ಮನೆಗಳಲ್ಲಿ ಆರಕ್ಕೆ ಮಾತ್ರ ಹೊಗೆ ಇದೆ. ಈ ನಿರಾಶಾವಾದಕ್ಕೆ ಕಾರಣವೇನು?’ ಕೆಳಗೆ ಕಲಾವಿದನ ಉತ್ತರ: ‘ಅದು ಸವೇಲಿ ಕ್ರುಗ್ಲೋವ್ ಮನೆ. ಅವನು ಯುದ್ಧದಲ್ಲಿ ಸತ್ತ. ಹೆಂಡತಿ ಕಳೆದ ವರ್ಷದ ಚಳಿಗಾಲದಲ್ಲಿ ಹಸಿವಿನಿಂದ ಸತ್ತಳು. ಮಗು ಪಕ್ಕದ ಮನೆಯಲ್ಲಿದೆ. ಒಲೆ ಹಚ್ಚುವವರಿಲ್ಲ. ನಾನು ಹೊಗೆ ಬರೆಯುವುದಿಲ್ಲ.’

“ಗಟ್ಟಿ ಆಸಾಮಿ,” ಎಂದ ಪ್ರೋಖರ್. “ಆ ಕಾಲದಲ್ಲಿ ಹೀಗೆ ಬರೆಯೋಕೆ ಎಂಟೆದೆ ಬೇಕಿತ್ತು.”

“ಅಸಲಿಯಲ್ಲಿ ಆರು ಹೊಗೆ, ನಕಲಿಯಲ್ಲಿ ಏಳು. ಕಳ್ಳ ಇದ್ದದ್ದನ್ನ ಇದ್ದ ಹಾಗೇ ಬರೀತಾನೆ ಪ್ರೋಖರ್. ಇಲ್ಲದ ಹೊಗೆ ಯಾರಿಗೆ ಬೇಕಿತ್ತು?”

ಪ್ರೋಖರ್ ತಲೆ ಕೆರೆದುಕೊಂಡ. “ಸವೇಲಿ... ಅಗ್ನಿಯಾ ಸವೆಲ್ಯೆವ್ನಾ! ಸವೇಲಿ ಮಗಳು ಅಂತ ಹೆಸರಲ್ಲೇ ಹೊತ್ಕೊಂಡು ಓಡಾಡ್ತಿದಾಳಲ್ಲ!”

ಮಧ್ಯಾಹ್ನ ಮೂರಕ್ಕೆ ಶೋಧನಾ ವಾರಂಟು ಕೈಗೆ ಬಂತು. ಅಗ್ನಿಯಾಳ ಮನೆ ದಂಡೆಯ ಬೀದಿಯ ಕೊನೆಯದು. ಹಿಂದೊಮ್ಮೆ ಬಿಚ್ಚಿ ಜೋಡಿಸುವಾಗ ತೊಲೆಗಳ ಮೇಲೆ ಕೊಡಲಿಯಿಂದ ಕೆತ್ತಿದ ಗುರುತುಗಳು ಹಾಗೇ ಇದ್ದವು. ಪಂಚರಾಗಿ ಪಕ್ಕದ ಮನೆಯ ಫ್ಯೊಕ್ಲಾಳನ್ನೂ ಎದುರು ಮನೆಯ ಮುದುಕ ತಿಖಾನ್‌ನನ್ನೂ ಕರೆದರು.

“ಬಾರಪ್ಪ, ಬೂಟು ಬಿಚ್ಚಿ ಒಳಗೆ ಬಾ,” ಎಂದಳು ಅಗ್ನಿಯಾ. “ಬೆಳಗ್ಗೆಯಿಂದ ಕಾದೂ ಕಾದೂ ಎಲೆಕೋಸು ತುಂಬಿ ಸುಟ್ಟ ಪಿರೋಗು ತಣ್ಣಗಾಯ್ತು.”

ಹುಡುಕುವ ಕೆಲಸವೇ ಇರಲಿಲ್ಲ. ಚಿತ್ರ ಊಟದ ಮೇಜಿನ ಮೇಲ್ಗಡೆ ಗೋಡೆಗೆ ನೇತಾಡುತ್ತಿತ್ತು. ಏಳು ಮನೆ, ಆರು ಹೊಗೆ.

“ಬಚ್ಚಿಡಬಾರದಿತ್ತಾ?” ಲೊಬಾನೊವ್ ಕೇಳಿಯೇಬಿಟ್ಟ.

“ಬಚ್ಚಿಡೋಕೆ ನಾನೇನು ಕಳ್ಳಿಯಾ? ಒಂದು ಸಲ ನೀರಲ್ಲಿ ಮುಳುಗಿಸಿದ್ರು, ಸುಮ್ಮನಿದ್ವಿ. ಈಗ ಸುತ್ತಿ ಪರದೇಶಕ್ಕೆ ಕಳಿಸ್ತೀವಿ ಅಂದ್ರೆ ಸುಮ್ಮನಿರ್ತೀನಾ? ಷುಬಿನ್ ಚಾವಣಿ ಸೋರಿದ್ರೆ ಬಕೆಟ್ ಇಡ್ಲಿ!”

“ಯಾವಾಗ ಬದಲಾಯಿಸಿದ್ರಿ?”

“ಹೋದ ಸೋಮವಾರ, ರಜಾದಿನ. ಬೀಗದ ಕೈ ನನ್ನ ಹತ್ರಾನೇ ಇತ್ತು. ಬರ್ಕೋ.”

“ಆ ಹೊಗೆ ಯಾಕೆ ಹಾಕಿದ್ರಿ? ಅದೊಂದು ಇಲ್ದಿದ್ರೆ ಮಾಸ್ಕೋದವನು ನಕಲೀನೇ ತಗೊಂಡು ಹೋಗ್ತಿದ್ನೇನೋ.”

ಅಗ್ನಿಯಾ ಚಿತ್ರದ ಕಡೆ ತಿರುಗಿದಳು. ಕೈ ಮೇಜುಬಟ್ಟೆಯ ಅಂಚನ್ನು ಸವರುತ್ತಿತ್ತು.

“ನನಗಾಗ ಒಂಬತ್ತು ವರ್ಷ. ಚಿಬಿಸೋವ್ ಚಿತ್ರ ಬರೀವಾಗ ಪಕ್ಕದಲ್ಲೇ ನಿಂತಿದ್ದೆ. ನಮ್ಮನೆಗೂ ಒಂದು ಹೊಗೆ ಹಾಕು ಮಾಮಾ ಅಂದೆ. ‘ನಿಮ್ಮಮ್ಮ ಸತ್ತಿದ್ದನ್ನ ನಾನು ಸುಳ್ಳು ಮಾಡಲಾರೆ ಪುಟ್ಟಿ’ ಅಂದ. ಸಮಿತಿಯವರು ಹೆದರಿಸಿದ್ರೂ ಹಾಕಲಿಲ್ಲ. ಅವನು ಮಾಡಿದ್ದು ಸರಿ. ಅದಕ್ಕೇ ಅವನ ಚಿತ್ರಕ್ಕೆ ನಾನು ಕುಂಚ ಮುಟ್ಟಿಸಲಿಲ್ಲ. ಆದ್ರೆ ನಕಲು ನಂದು. ನನ್ನ ಚಿತ್ರದಲ್ಲಿ ನಮ್ಮಮ್ಮ ಒಲೆ ಹಚ್ಚಿದಾಳೆ.”

ಲೊಬಾನೊವ್ ಪೆನ್ನು ತೆಗೆದ. ಪಂಚನಾಮೆ ಬರೆದು ಪಂಚರ ಮುಂದಿಟ್ಟ. ಫ್ಯೊಕ್ಲಾ ಓದಿ ಪೆನ್ನು ಕೆಳಗಿಟ್ಟಳು.

“‘ಕದ್ದ ಮಾಲು’ ಅಂತ ಬರೆದಿದೀಯ. ನಾನು ಸೈನ್ ಹಾಕಲ್ಲ.”

“ಕಾನೂನು ಪ್ರಕಾರ...”

“ಕಾನೂನು ನೀನು ನೋಡ್ಕೋ. ನನಗೆ ಕಾಣ್ತಿರೋದು ನಮ್ಮೂರು. ಎಡಗಡೆ ಮೂರನೇದು ನಮ್ಮನೆ. ಹಾಗಂತ ಬರಿ.”

“ಐದನೇದು ನಂದು,” ಎಂದ ತಿಖಾನ್. “ಅದನ್ನೂ ಬರಿ.”

ಕ್ಯಾಪ್ಟನ್ ಹಾಳೆ ಹರಿದು ಮತ್ತೆ ಬರೆದ: ‘ಚಿತ್ರದಲ್ಲಿರುವುದು ತಮ್ಮ ಊರೆಂದು ಪಂಚರು ಗುರುತಿಸಿದರು.’ ಇಬ್ಬರೂ ಸಹಿ ಹಾಕಿದರು. ಪ್ರೋಖರ್ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಒತ್ತಿದ.

“ಇದು ಸಾಕ್ಷ್ಯ ಅಲ್ವಾ?” ಅಗ್ನಿಯಾ ಕೇಳಿದಳು. “ತೀರ್ಪು ಬರೋವರೆಗೂ ಮಾರೋ ಹಾಗಿಲ್ಲ?”

“ಇಲ್ಲ.”

“ಹಾಗಾದ್ರೆ ನಿಧಾನವಾಗಿ ತನಿಖೆ ಮಾಡು ಮಗಾ. ಮೇಲ್ಮನವೀನೂ ಹಾಕ್ತೀನಿ. ನನಗೇನೂ ಅವಸರ ಇಲ್ಲ.”

ಅವಳು ಶಾಲು ಹೊದ್ದು, ಹೊರಡುವ ಮುನ್ನ ಬಗ್ಗಿ ಒಲೆಗೆ ಎರಡು ಕೊರಡು ತುರುಕಿದಳು.

“ಆರಿಸಿ ಹೋಗೋದು ಒಳ್ಳೇದು,” ಎಂದ ಪ್ರೋಖರ್.

“ಮುಟ್ಟಬೇಡ! ಫ್ಯೊಕ್ಲಾ ನೋಡ್ಕೋತಾಳೆ. ನಾನು ವಾಪಸ್ ಬರೋವರೆಗೂ.”

ದಸ್ತಗಿರಿಯ ಸಮಯ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಅಂದು ಸಂಜೆ ಠಾಣೆಯಲ್ಲಿ ಲೊಬಾನೊವ್ ವರದಿ ತುಂಬಿಸಿದ. ‘ಅಪರಾಧದ ಉದ್ದೇಶ’ ಎಂಬಲ್ಲಿ ಮೊದಲೇ ಅಚ್ಚಾಗಿದ್ದ ‘ಸ್ವಂತ ಲಾಭ’ ಎಂಬುದನ್ನು ಹೊಡೆದುಹಾಕಿದ. ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿದ. ಕೊನೆಗೆ, ಜೀಪು ತಿರುಗುವಾಗ ಹಿಂತಿರುಗಿ ನೋಡಿ ಕಂಡದ್ದನ್ನೇ ಬರೆದು ಸಹಿ ಹಾಕಿದ: ‘ನಾಲ್ಕು ಮೂವತ್ತೈದಕ್ಕೆ ಆರೋಪಿಯ ಮನೆಯ ಹೊಗೆಗೂಡಿನಿಂದ ಹೊಗೆ ಬರುತ್ತಿತ್ತು.’